ಸಾಹುಕಾರನ ಕೆನ್ನೆಯ ಚುಕ್ಕೆಗಳು

ನನ್ನ ತಮ್ಮ ಆರೋಗ್ಯ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದ. ಕೆಲಸಕ್ಕೆ ಸೇರಿದಂದಿನಿಂದ ನಿವೃತ್ತನಾಗುವವರೆಗೆ ಅವನು ಮಾಡಿದ್ದು ಮುಖ್ಯವಾಗಿ ಎರಡು ಕೆಲಸ. ಊರಿನ ನೀರಿಗೆ ಕ್ಲೋರಿನ್ ಹಾಕಿಸುವುದು ಒಂದು, ಊರಿನ ಜನರ ಮೈಮೇಲೆ ಚುಕ್ಕೆ ಹುಡುಕುವುದು ಇನ್ನೊಂದು. ಎರಡನ್ನೂ ಪ್ರಾಮಾಣಿಕವಾಗಿ ಮಾಡಿದ. ಯಾರದೇ ಮೈಮೇಲೆ ಗುಳ್ಳೆ ಎದ್ದರೂ ಇದು ದಡಾರ, ಇದು ಸೀತಾಳೆ ಸಿಡುಬು ಎಂದು ಬಾಗಿಲಲ್ಲಿ ನಿಂತೇ ಹೇಳುತ್ತಿದ್ದ. ಬರೀ ಬೆವರುಸಾಲೆ ಎಂದು ಹೇಳುವ ಸಂದರ್ಭ ಬಂದರೆ ಮಾತ್ರ ಅವನ ಮುಖ ಸಪ್ಪಗಾಗುತ್ತಿತ್ತು.

ನಿವೃತ್ತನಾದ ಮೇಲೆ ತಪಾಸಣೆಗೆ ಅವನಿಗೆ ಉಳಿದದ್ದು ಸ್ವಂತ ಅಡುಗೆಮನೆಯೊಂದೇ. ಹೆಂಡತಿ ಒಲೆಯ ಮುಂದೆ ನಿಂತಿದ್ದರೆ ಇವನು ಹಿಂದಿನಿಂದ ಬಂದು ಕಪಾಟಿನ ಅಂಚಿಗೆ ಬೆರಳಾಡಿಸಿ, ಬೆರಳನ್ನು ಬೆಳಕಿಗೆ ಹಿಡಿಯುತ್ತಿದ್ದ. ಡಬ್ಬದ ಮುಚ್ಚಳ ತೆಗೆದು ಮೂಸಿ, "ಇದನ್ನ ಯಾವಾಗ ತಂದಿದ್ದು?" ಎಂದು ಕೇಳುತ್ತಿದ್ದ. ನನ್ನ ನಾದಿನಿ ಹೆಚ್ಚು ಮಾತಿನವಳಲ್ಲ. ಒಂದು ಬೆಳಿಗ್ಗೆ ಸೌಟನ್ನು ಕೆಳಗಿಟ್ಟು ಹೇಳಿದಳು.

"ರೀ, ಇಷ್ಟು ವರ್ಷ ನನ್ನ ಕೈ ಅಡುಗೆ ತಿಂದು ನೀವು ಸತ್ತಿಲ್ಲ. ಈಗ ಸಾಯೋ ಹಾಗೆ ಮಾಡ್ಕೋಬೇಡಿ."

ಅದೇ ವಾರ ಅವನಿಗೆ ಹಲ್ಲುನೋವು ಬಂತು. ದೇವರು ದೊಡ್ಡವನು ಎಂದು ಅವಳು ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಹಲ್ಲಿನ ಡಾಕ್ಟರು ಒಬ್ಬ ಹೆಂಗಸು. ಚುರುಕಿನವರು, ಕೈ ಹಗುರ. ಅವರ ಕ್ಲಿನಿಕ್ಕು ಮೂಲೆಯ ಕಟ್ಟಡದ ನೆಲಮಹಡಿಯಲ್ಲಿತ್ತು. ಕಾಯುವ ಕೋಣೆಯ ಗೋಡೆಗುಂಟ ಕುರ್ಚಿಗಳು, ಬಾಗಿಲ ಬಳಿ ಟೋಕನ್ ಕೊಡುವ ಮೇಜು, ಕಿಟಕಿಯ ಪಕ್ಕ ಒಂದು ಗಾಜಿನ ತೊಟ್ಟಿ, ಅದರಲ್ಲಿ ನಾಲ್ಕಾರು ಗೋಲ್ಡ್ ಫಿಶ್. ಒಳಗಿನಿಂದ ಬರುವ ಡ್ರಿಲ್ಲಿನ ಸದ್ದನ್ನು ಜನ ಮರೆಯಲಿ ಎಂದು ಮೀನು ಸಾಕಿದ್ದರು. ಆದರೆ ನನ್ನ ತಮ್ಮ ಹೋದ ದಿನ ಆ ಮೀನುಗಳನ್ನು ನೋಡಿದರೆ ಡ್ರಿಲ್ಲೇ ವಾಸಿ ಎನಿಸುವಂತಿತ್ತು. ಎಲ್ಲವೂ ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಕಳೆದು ಏದುಸಿರು ಬಿಡುತ್ತಿದ್ದವು. ರೆಕ್ಕೆಗಳ ಬುಡ ಕೆಂಪಾಗಿತ್ತು.

ಟೋಕನ್ ಕೊಡುವ ಹೆಂಗಸನ್ನು ಎಲ್ಲರೂ ಟೋಕನಮ್ಮ ಎಂದೇ ಕರೆಯುತ್ತಿದ್ದರು. ಮೀನುಗಳ ಯೋಗಕ್ಷೇಮವೂ ಆಕೆಯದೇ.

"ದಿನಾ ಬೆಳಿಗ್ಗೆ ನೀರು ಪೂರ್ತಿ ಬದಲಾಯಿಸ್ತೀನಿ ಸಾರ್. ಗಾಜು ತಿಕ್ತೀನಿ. ಇಷ್ಟು ಶುದ್ಧವಾಗಿಟ್ರೂ ಯಾಕೋ ಡಲ್ಲಾಗೇ ಇವೆ," ಎಂದಳು.

ನನ್ನ ತಮ್ಮ ತೊಟ್ಟಿಯ ಮೇಲೆ ಬಗ್ಗಿ ಒಮ್ಮೆ ಮೂಸಿದ. ಅವನ ಕಣ್ಣು ಅರಳಿತು.

"ಶುದ್ಧವಾಗಿಟ್ಟಿದ್ದಕ್ಕೇ ಹೀಗಾಗಿರೋದು ತಾಯಿ. ನಲ್ಲಿ ನೀರು ನೇರವಾಗಿ ಸುರೀತೀರಲ್ಲ, ಅದ್ರಲ್ಲಿ ಕ್ಲೋರಿನ್ ಇದೆ. ಕಿವಿರು ಸುಟ್ಟುಹೋಗುತ್ತೆ."

"ನಿಮಗೆ ಹೇಗೆ ಗೊತ್ತು?"

"ಹಾಕ್ಸಿದ್ದೇ ನಾನು!"

ಹಲ್ಲುನೋವು ಮರೆತುಹೋಯಿತು. ಬಕೆಟ್ಟುಗಳಲ್ಲಿ ನೀರು ಹಿಡಿದಿಟ್ಟು, ಒಂದು ದಿನ ಬಿಸಿಲು ಗಾಳಿಗೆ ಬಿಟ್ಟು, ಅದನ್ನು ಸ್ವಲ್ಪಸ್ವಲ್ಪವಾಗಿ ತೊಟ್ಟಿಗೆ ಸೇರಿಸಿದ. ಇನ್ನು ಮೇಲೆ ಪೂರ್ತಿ ನೀರು ಬದಲಿಸಕೂಡದು, ಕಾಲುಭಾಗ ಮಾತ್ರ ಎಂದು ಟೋಕನಮ್ಮನಿಗೆ ತಾಕೀತು ಮಾಡಿದ. ಜೀವಮಾನವಿಡೀ ನೀರಿಗೆ ಕ್ಲೋರಿನ್ ಹಾಕಿದವನು ಈಗ ಕ್ಲೋರಿನ್ ತೆಗೆಯಲು ಟೊಂಕ ಕಟ್ಟಿದ. ಮೀನುಗಳು ಚೇತರಿಸಿಕೊಂಡವು. "ಇನ್ಮೇಲೆ ಇವನ್ನ ನೀವೇ ನೋಡ್ಕೊಂಡ್ಬಿಡಿ ಸಾರ್," ಎಂದು ಡಾಕ್ಟರಮ್ಮ ಬಾಯಿಮಾತಿಗೆ ಹೇಳಿದರು. ಅವನು ಅದನ್ನು ನೇಮಕಾತಿ ಎಂದೇ ಭಾವಿಸಿದ.

ಮರುದಿನದಿಂದ ಇಸ್ತ್ರಿ ಅಂಗಿ ತೊಟ್ಟು, ನುಣ್ಣಗೆ ಕ್ಷೌರ ಮಾಡಿಕೊಂಡು, ತೊಟ್ಟಿಯ ಪಕ್ಕದ ಕುರ್ಚಿಯಲ್ಲಿ ಹೋಗಿ ಕೂರತೊಡಗಿದ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದರೆ ಕೈತೊಳೆದು ಮತ್ತೆ ಹೊರಡುತ್ತಿದ್ದ. ಕಪಾಟಿನ ಅಂಚಿಗೆ ಬೆರಳಾಡಿಸಲು ಪುರುಸೊತ್ತಿರಲಿಲ್ಲ. ನಾದಿನಿಯ ಮುಖಕ್ಕೆ ಕಳೆ ಬಂತು. ಆ ಒಂದು ಕುರ್ಚಿಯಿಂದ ಎರಡು ಜೀವ ಬದುಕಿದ್ದವು, ಮೀನುಗಳನ್ನು ಲೆಕ್ಕಕ್ಕೆ ಹಿಡಿಯದೆ.

ಹಿಂದೆ ಪಾಠ ಹೇಳುತ್ತಿದ್ದ ಕಾಲೇಜಿನ ಲೈಬ್ರರಿಯಿಂದ ನಾನು ಅವನಿಗೆ ಮೀನು ಸಾಕಣೆಯ ಒಂದು ಪುಸ್ತಕ ತಂದುಕೊಟ್ಟೆ. ರೋಗಗಳ ಭಾಗವನ್ನು ಬಾಯಿಪಾಠ ಮಾಡಿದ. ಉಳಿದದ್ದನ್ನು ಓದಲಿಲ್ಲ.

"ಅದರಲ್ಲೇನಿದೆ ಅಕ್ಕ? ಚೆನ್ನಾಗಿರೋ ಮೀನನ್ನ ನೋಡಿ ನಾನೇನ್ ಮಾಡ್ಲಿ?"

ಆದರೂ ಕಲಿತ. ರೆಕ್ಕೆ ಹರಿದಿದ್ದರೆ ಅಂಚು ನೋಡಬೇಕು, ಅಂಚು ಸ್ವಚ್ಛವಾಗಿದ್ದರೆ ಎಲ್ಲೋ ತಗುಲಿದ ಗಾಯ, ಬೆಳ್ಳಗೆ ನುಜ್ಜಾಗಿದ್ದರೆ ಕೊಳೆತ ಎಂದು ತಿಳಿದುಕೊಂಡ. ಮೀನುಗಳ ರೆಕ್ಕೆ ಹರಿಯುತ್ತಿದ್ದುದು ಅಲಂಕಾರಕ್ಕಿಟ್ಟ ಪ್ಲಾಸ್ಟಿಕ್ ಕೋಟೆಯ ಚೂಪು ಬುರುಜಿಗೆ ಸಿಕ್ಕಿ ಎಂದು ಪತ್ತೆಮಾಡಿ ಕೋಟೆಯನ್ನು ಕಿತ್ತುಹಾಕಿದ. ಒಂದು ಮೀನು ಹೊಟ್ಟೆ ಮೇಲೆ ಮಾಡಿ ತೇಲತೊಡಗಿದಾಗ ಎಲ್ಲರೂ ಅದರ ಕತೆ ಮುಗಿಯಿತು ಎಂದುಕೊಂಡರು. ಇವನು ಎರಡು ದಿನ ಉಪವಾಸ ಕೆಡವಿ, ಬೆಂದ ಬಟಾಣಿಯ ಸಿಪ್ಪೆ ಸುಲಿದು ಚೂರು ಮಾಡಿ ತಿನ್ನಿಸಿದ. ಕೆನ್ನೆ ಊದಿಸಿಕೊಂಡು ಕೂತಿದ್ದ ರೋಗಿಯೊಬ್ಬ, "ಏನಾಗಿದೆ ಸಾರ್ ಅದಕ್ಕೆ?" ಎಂದು ಕೇಳಿದನಂತೆ.

"ಮಲಬದ್ಧತೆ."

"ಮೀನಿಗಾ?"

"ಯಾಕೆ, ನಿಮಗೊಬ್ರಿಗೇನಾ ಹಕ್ಕು? ನಿಮಗೆ ದಿನಾ ಸರಿಯಾಗಿ ಆಗುತ್ತಾ?"

ಕೋಣೆ ತುಂಬ ಜನರಿದ್ದರು. ಆತ ಟೋಕನ್ ಮೇಜಿನ ಮೇಲಿಟ್ಟು, ಹಲ್ಲುನೋವು ಕಮ್ಮಿಯಾಯಿತು ಎಂದು ಹೇಳಿ ಎದ್ದುಹೋದನಂತೆ. ಬಟಾಣಿ ತಿಂದ ಮೀನು ಮಾತ್ರ ನೆಟ್ಟಗಾಯಿತು.

ಡಾಕ್ಟರಮ್ಮನ ತಾಳ್ಮೆ ತೆಳುವಾಗುತ್ತ ಬಂದದ್ದು ಇಂಥ ಪ್ರಸಂಗಗಳಿಂದ. ಅವನು ತೊಟ್ಟಿಯ ಮೇಲೆ ಬೋರ್ಡುಗಳನ್ನು ಬೇರೆ ಅಂಟಿಸಿದ್ದ. 'ಗಾಜು ತಟ್ಟಬೇಡಿ', 'ಬಿಸ್ಕತ್ತು ಹಾಕಬೇಡಿ' ಎಂಬವನ್ನು ಅವರು ಸಹಿಸಿಕೊಂಡರು. 'ಮೀನುಗಳ ಎದುರು ಕೆಮ್ಮಬೇಡಿ' ಎಂಬುದನ್ನು ತಾವೇ ಕಿತ್ತರು. ಕಾಯುವ ಕೋಣೆಗೆ ಟಿವಿ ಹಾಕಿಸುವ ಮಾತು ಆಗಿನಿಂದಲೇ ಶುರುವಾಗಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಅವನು ಕುರ್ಚಿಯಲ್ಲಿ ಕೂತವನು ತಟ್ಟನೆ ಎದ್ದ. ತೊಟ್ಟಿಯ ದೊಡ್ಡ ಮೀನಿನ ಕಿವಿರಿನ ಮುಚ್ಚಳದ ಮೇಲೆ, ಅಂದರೆ ಕೆನ್ನೆಯೆಂದು ಕರೆಯಬಹುದಾದ ಜಾಗದಲ್ಲಿ, ಸಣ್ಣಸಣ್ಣ ಬಿಳಿ ಚುಕ್ಕೆಗಳು ಎದ್ದಿದ್ದವು. ಆ ಮೀನಿಗೆ ಟೋಕನಮ್ಮ ಸಾಹುಕಾರ ಎಂದು ಹೆಸರಿಟ್ಟಿದ್ದಳು.

"ಯಾವಾಗಿಂದ?" ಎಂದ, ಪೊಲೀಸು ಕೇಳುವ ದನಿಯಲ್ಲಿ.

"ಏನು ಯಾವಾಗಿಂದ?"

"ಚುಕ್ಕೆ! ಬಿಳಿಚುಕ್ಕೆ ರೋಗ! ಒಂದಕ್ಕೆ ಬಂದ್ರೆ ತೊಟ್ಟೀಲಿರೋ ಅಷ್ಟಕ್ಕೂ ಬರುತ್ತೆ. ಒಂದೂ ಉಳಿಯೋಲ್ಲ!"

"ಅದು ಚೆನ್ನಾಗೇ ಓಡಾಡ್ತಿದೆಯಲ್ಲ ಸಾರ್. ನಿನ್ನೆಯಿಂದ ಗುಂಡಣ್ಣನ್ನ ಅಟ್ಟಿಸ್ಕೊಂಡು ಓಡ್ತಾನೇ ಇದೆ."

ಗುಂಡಣ್ಣ ಎಂಬುದು ಇನ್ನೊಂದು ಮೀನು. ಹೊಟ್ಟೆ ದೊಡ್ಡದು, ನಡಿಗೆ ನಿಧಾನ. ನನ್ನ ತಮ್ಮನ ಕಣ್ಣು ಇನ್ನಷ್ಟು ಅರಳಿತು. ಅವನ ಇಲಾಖೆಯಲ್ಲಿ ರೋಗಿ ಸಿಕ್ಕ ಕೂಡಲೇ ಮಾಡುವ ಎರಡನೇ ಕೆಲಸ, ರೋಗಿಯೊಂದಿಗೆ ಹತ್ತಿರ ಇದ್ದವರು ಯಾರೆಂದು ಪತ್ತೆಹಚ್ಚುವುದು. ಪ್ರಥಮ ಸಂಪರ್ಕ ಎಂದು ಅಂಥವರನ್ನು ಕರೆಯುತ್ತಾರೆ. ಅವನು ಕುರ್ಚಿ ಎಳೆದುಕೊಂಡು ತೊಟ್ಟಿಯನ್ನೇ ನೋಡುತ್ತ ಕೂತ. ಸಾಹುಕಾರ ಗುಂಡಣ್ಣನ ಬೆನ್ನು ಬಿಡುತ್ತಿರಲಿಲ್ಲ. ಹಿಂದಿನಿಂದ ಹೋಗಿ ಹೋಗಿ ಹೊಟ್ಟೆಗೆ ಗುದ್ದುತ್ತಿತ್ತು. ಉಳಿದ ಮೀನುಗಳ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ವಿಚಾರಣೆ ಮುಗಿಯಿತು. ರೋಗಿ ಸಾಹುಕಾರ, ಪ್ರಥಮ ಸಂಪರ್ಕ ಗುಂಡಣ್ಣ. ಪ್ರತ್ಯೇಕ ಕೋಣೆಗಳು ಸಾಲದಿದ್ದಾಗ ಇಬ್ಬರನ್ನೂ ಒಂದೇ ಕೋಣೆಯಲ್ಲಿಡಬಹುದು ಎಂಬುದು ಅವನ ಇಲಾಖೆಯ ಹಳೆಯ ಪದ್ಧತಿ. ಎರಡನ್ನೂ ಒಂದೇ ಬಕೆಟ್ಟಿಗೆ ಹಾಕಿಕೊಂಡು ಮನೆಗೆ ಹೊರಟ. ಹೊರಡುವ ಮುನ್ನ, ಕರ್ತವ್ಯಪ್ರಜ್ಞೆ ತಡೆಯದೆ, ಕ್ಲಿನಿಕ್ಕಿನ ಹೊರಬಾಗಿಲಿಗೆ ದಪ್ಪ ಅಕ್ಷರದ ಬೋರ್ಡು ತೂಗುಹಾಕಿದ: 'ಎಚ್ಚರಿಕೆ. ಒಳಗೆ ಸಾಂಕ್ರಾಮಿಕ ರೋಗ ಪತ್ತೆಯಾಗಿದೆ.'

ಮೀನು ಎಂಬ ಪದ ಅದರಲ್ಲಿ ಇರಲಿಲ್ಲ. ಅವನ ವೃತ್ತಿಯಲ್ಲಿ ರೋಗ ಮುಖ್ಯ, ರೋಗಿ ಯಾರೆಂಬುದು ನಂತರದ ವಿಷಯ.

ಆ ದಿನ ಕ್ಲಿನಿಕ್ಕಿಗೆ ನರಪಿಳ್ಳೆ ಬರಲಿಲ್ಲ. ಮಧ್ಯಾಹ್ನ ಡಾಕ್ಟರಮ್ಮ ಗಾಳಿಗೆಂದು ಹೊರಗೆ ಬಂದಾಗ ಬೋರ್ಡು ಕಣ್ಣಿಗೆ ಬಿತ್ತು. ಸಂಜೆ ಅವನನ್ನು ಕರೆಸಿದರು.

"ನೋಡಿ ಸಾರ್, ನೀವು ದೊಡ್ಡೋರು, ನಾನೇನೂ ಅನ್ನಲ್ಲ. ಸೋಮವಾರ ಟಿವಿಯೋರು ಬರ್ತಾರೆ. ಅಷ್ಟರೊಳಗೆ ಮೀನು ವಾಸಿಯಾಗಿ, ಈ ರೋಗದ ಗಲಾಟೆ ಮುಗಿದಿದ್ರೆ ಸರಿ. ಇಲ್ಲಾಂದ್ರೆ ತೊಟ್ಟಿ ಯಾರಿಗಾದ್ರೂ ಕೊಟ್ಟು, ಆ ಜಾಗಕ್ಕೇ ಟಿವಿ ಹಾಕ್ಸಿಬಿಡ್ತೀನಿ."

ತೊಟ್ಟಿ ಹೋದರೆ ತೊಟ್ಟಿಯ ಪಕ್ಕದ ಕುರ್ಚಿಗೆ ಅರ್ಥವಿಲ್ಲ. ಅದು ಅವನಿಗೂ ಗೊತ್ತಿತ್ತು. ನಾದಿನಿಗೆ ಅವನಿಗಿಂತ ಚೆನ್ನಾಗಿ ಗೊತ್ತಿತ್ತು. ಆದ್ದರಿಂದಲೇ ಬಚ್ಚಲುಮನೆಯ ದೊಡ್ಡ ಟಬ್ಬನ್ನು ಅವನು ಆಸ್ಪತ್ರೆ ಮಾಡಿದಾಗ ಅವಳು ಕೇಳಿದ್ದು ಒಂದೇ ಮಾತು.

"ನಾನು ಸ್ನಾನ ಎಲ್ಲಿ ಮಾಡ್ಲಿ?"

"ಅಕ್ಕನ ಮನೇಲಿ."

ನನ್ನ ಮನೆ ಹಿಂದಿನ ಬೀದಿಯಲ್ಲೇ ಇದೆ. ಟವಲು ಹೆಗಲಿಗೆ ಹಾಕಿಕೊಂಡು ದಿನವೂ ಬಂದಳು. "ಅತ್ತಿಗೆ, ಮದುವೆಯಾದಾಗಿನಿಂದ ಇವರು ನನ್ನನ್ನ ಎಲ್ಲಿಗೂ ಕಳ್ಸಿರಲಿಲ್ಲ. ಈಗ ನೋಡಿ, ಸ್ನಾನಕ್ಕೇ ಪರ ಊರು," ಎಂದಳು.

ಚಿಕಿತ್ಸೆ ಶಾಸ್ತ್ರೋಕ್ತವಾಗಿ ನಡೆಯಿತು. ನೀರಿಗೆ ಅಳತೆಯ ಕಲ್ಲುಪ್ಪು. ದಿನವೂ ಒಂದಿಷ್ಟು ಹಳೆ ನೀರು ತೆಗೆದು, ತುಸು ಬೆಚ್ಚಗಿನ ಹೊಸ ನೀರು ಸೇರಿಸುವುದು. ರೋಗಿಗೆ ಶಕ್ತಿ ಬರಲೆಂದು ಪುಷ್ಟಿಯಾದ ಆಹಾರ. ಸಾಹುಕಾರ ತಿಂದದ್ದೇ ತಿಂದದ್ದು. ಟಬ್ಬಿನ ತುಂಬ ಗುಂಡಣ್ಣನನ್ನು ಅಟ್ಟಾಡಿಸಿದ್ದೇ ಅಟ್ಟಾಡಿಸಿದ್ದು.

"ಇಷ್ಟು ಹಸಿವಿದೆ, ಇಷ್ಟು ಓಡ್ತಿದೆ. ಇದೆಂಥ ಕಾಯಿಲೆ ರೀ?"

"ನಿನಗೇನು ಗೊತ್ತು? ಜ್ವರ ನೆತ್ತಿಗೇರಿದೆ. ಭ್ರಮೆ ಅದು."

ಭ್ರಮೆ ಹಿಡಿದ ರೋಗಿಯಿಂದ ಗುಂಡಣ್ಣ ತಪ್ಪಿಸಿಕೊಳ್ಳಲು ಮರೆ ಬೇಡವೆ? ಹೆಂಡತಿಯ ಮೈ ಉಜ್ಜುವ ಹಸಿರು ನೈಲಾನ್ ಜಾಲರಿಯನ್ನು ಕುದಿನೀರಲ್ಲಿ ಅದ್ದಿ ತೊಳೆದು ಟಬ್ಬಿಗೆ ಇಳಿಬಿಟ್ಟ. ಅವಳು ಬಾಯಿ ತೆರೆದಳು, ಆ ಕುರ್ಚಿಯನ್ನು ನೆನೆದು ಮುಚ್ಚಿಕೊಂಡಳು.

ಚುಕ್ಕೆಗಳು ಮಾತ್ರ ಜಗ್ಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಬಚ್ಚಲುಮನೆಯಿಂದ ಅವನ ಕೂಗು ಕೇಳಿ ನಾದಿನಿ ಓಡಿದಳು. ಜಾಲರಿಯ ಎಳೆಎಳೆಗೂ, ಟಬ್ಬಿನ ಗೋಡೆಗೂ ಸಾಸಿವೆಗಿಂತ ಸಣ್ಣ, ಗಾಜಿನಂಥ ಕಾಳುಗಳು ಅಂಟಿಕೊಂಡಿದ್ದವು. ಸಾವಿರ ಇದ್ದರೂ ಇದ್ದವೇನೋ.

"ಎರಡನೇ ಹಂತ!" ಎಂದ. ಅವನ ಮುಖ ಬಿಳಿಚಿಕೊಂಡಿತ್ತು. "ಮೈಮೇಲಿನ ಚುಕ್ಕೆ ಕಳಚಿ ಬಿದ್ದು, ಕಂಡಕಂಡಲ್ಲಿ ಅಂಟ್ಕೊಳ್ಳುತ್ತೆ. ಆಮೇಲೆ ಒಂದೊಂದೂ ಒಡೆದು ನೂರಾರು ಆಗುತ್ತೆ. ಪುಸ್ತಕದಲ್ಲಿ ಸ್ಪಷ್ಟವಾಗಿದೆ!"

ಪುಸ್ತಕದಲ್ಲಿ ಹಾಗೆ ಇದ್ದದ್ದು ನಿಜ. ಆ ರೋಗದ ರೀತಿಯೇ ಅದು. ಅವನು ತಕ್ಷಣ ಎರಡೂ ಮೀನುಗಳನ್ನು ಎತ್ತಿ, ಅಡುಗೆಮನೆಯ ಅತಿ ದೊಡ್ಡ ಪಾತ್ರೆಗೆ ವರ್ಗಾಯಿಸಿದ. ಟಬ್ಬಿನ ಮೇಲೆ ಹಲಗೆ ಮುಚ್ಚಿ, ಯಾರೂ ಮುಟ್ಟಕೂಡದೆಂದು ಹೇಳಿ, ಬ್ಲೀಚಿಂಗ್ ಪೌಡರ್ ತರಲು ಹೊರಟ. ಯುದ್ಧಕ್ಕೆ ಅವನಿಗೆ ಗೊತ್ತಿದ್ದ ಆಯುಧ ಅದೊಂದೇ.

ಆಯುಧ ಸಿಗಲಿಲ್ಲ. ಹಳೆಯ ಆಫೀಸಿನಲ್ಲಿ ಚಹಾ ಕುಡಿಸಿ, "ಈಗೆಲ್ಲ ಪೌಡರ್ ಇಲ್ಲ ಸಾರ್, ಲಿಕ್ವಿಡ್ಡು," ಎಂದು ಕಳಿಸಿದರು. ಅಂಗಡಿಯವನು ನಿಂಬೆಯ ಪರಿಮಳದ್ದು ಕೊಟ್ಟ. "ರೋಗಾಣುವಿಗೆ ಅತ್ತರು ಹಚ್ಚಿ ಬರಮಾಡ್ಕೋಬೇಕಾ?" ಎಂದು ಜಗಳವಾಡಿ ಹಿಂದಿರುಗಿಸಿದ. ಭಾನುವಾರದ ಹೊತ್ತಿಗೆ ಈಜುಕೊಳ ನೋಡಿಕೊಳ್ಳುವ ಪರಿಚಿತನೊಬ್ಬ ಡಬ್ಬಿಯಲ್ಲಿ ಅಸಲಿ ಪೌಡರ್ ಕೊಟ್ಟನಂತೆ.

ಅವನು ಡಬ್ಬಿ ತರಲು ಹೋಗಿದ್ದಾಗ ನಾನು ಅವರ ಮನೆಯಲ್ಲೇ ಇದ್ದೆ. ನಾದಿನಿ ತನ್ನ ಜಾಲರಿಯನ್ನಾದರೂ ಉಳಿಸಿಕೊಳ್ಳೋಣವೆಂದು ಹಲಗೆ ಸರಿಸಿದವಳು, ಬಗ್ಗಿ ನೋಡಿ, ಒಳಗೆ ಹೋಗಿ ಸೂಜಿಗೆ ದಾರ ಪೋಣಿಸುವಾಗ ಹಿಡಿಯುವ ಭೂತಗನ್ನಡಿ ತಂದಳು.

"ಅತ್ತಿಗೆ, ಬನ್ನಿ ಇಲ್ಲಿ."

ಕೆಲವು ಕಾಳು ಹಾಲಿನ ಬಣ್ಣಕ್ಕೆ ತಿರುಗಿ ಕೆಟ್ಟಿದ್ದವು. ಉಳಿದವು ತಿಳಿಯಾಗಿದ್ದವು. ತಿಳಿಯಾದ ಪ್ರತಿಯೊಂದರಲ್ಲೂ ಎರಡು ಕಪ್ಪು ಬಿಂದುಗಳಿದ್ದವು, ಒಂದರಲ್ಲಿ ಆ ಬಿಂದುಗಳು ಗಿರ್ರನೆ ಒಮ್ಮೆ ಹೊರಳಿದವು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

ಅಷ್ಟರಲ್ಲಿ ಅವನು ಬಂದ. ಮೂಗಿಗೆ ಬಟ್ಟೆ, ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ಕಲಕುವ ಕೋಲು.

"ಪಕ್ಕಕ್ಕೆ ಸರಿ."

"ಸರಿಯಲ್ಲ."

"ಹುಚ್ಚೇನೇ ನಿನಗೆ? ನಾಳೆ ಸೋಮವಾರ. ಸರಿ ಅಂತೀನಿ!"

"ಒಂದು ಮಾತು ಕೇಳ್ತೀನಿ, ಹೇಳಿ. ಕಾಯಿಲೆಗೆ ಕಣ್ಣಿರುತ್ತೇನ್ರೀ?"

ಭೂತಗನ್ನಡಿಯನ್ನು ಅವನ ಕೈಗೆ ತುರುಕಿದಳು. ಅವನು ಬಗ್ಗಿ ನೋಡಿದ. ಇನ್ನೂ ಬಗ್ಗಿದ. ಮೂಗಿನ ಬಟ್ಟೆ ಕಳಚಿ ನೀರಿಗೆ ಬಿತ್ತು, ಅದರ ಪರಿವೆಯೂ ಅವನಿಗಿರಲಿಲ್ಲ.

"ಇವು... ನೋಡ್ತಿವೆಯಲ್ಲೇ!"

"ನೋಡದೆ ಏನ್ ಮಾಡ್ತಾವೆ? ಅಪ್ಪ ಅಮ್ಮನ್ನ ಎತ್ತಿ ಪಾತ್ರೆಗೆ ಹಾಕ್ಬಿಟ್ಟಿದೀರ."

"ಹಾಗಾದ್ರೆ ಗುಂಡಣ್ಣ...?"

"ಗುಂಡಮ್ಮ."

"ಮತ್ತೆ ಸಾಹುಕಾರನ ಚುಕ್ಕೆ?"

"ನಮ್ಮ ಮದುವೆ ಫೋಟೋದಲ್ಲಿ ನಿಮ್ಮ ಕೆನ್ನೆ ನೋಡ್ಕೊಳ್ಳಿ. ಆಗ ನಿಮ್ಮನ್ನ ಯಾರಾದ್ರೂ ಟಬ್ಬಿಗೆ ಹಾಕಿದ್ರಾ?"

ವಿಷಯ ಇಷ್ಟೇ. ಪ್ರಾಯಕ್ಕೆ ಬಂದ ಗಂಡು ಗೋಲ್ಡ್ ಫಿಶ್‌ಗೆ ಕೂಡುವ ಕಾಲದಲ್ಲಿ ಕಿವಿರಿನ ಮುಚ್ಚಳದ ಮೇಲೆ, ಮುಂದಿನ ರೆಕ್ಕೆಯ ಅಂಚಿನ ಮೇಲೆ ಸಾಲಾಗಿ ಬಿಳಿ ಮೊಡವೆಗಳು ಏಳುತ್ತವೆ. ರೋಗದ ಚುಕ್ಕೆ ಹಾಗೆ ಜಾಗ ಆರಿಸಿಕೊಂಡು ಕೂರುವುದಿಲ್ಲ, ಉಪ್ಪು ಚೆಲ್ಲಿದಂತೆ ಬಾಲ ಬೆನ್ನೆನ್ನದೆ ಮೈತುಂಬ ಹರಡುತ್ತದೆ, ಮೀನು ಮಂಕಾಗಿ ಮೈಯನ್ನು ಕಲ್ಲಿಗೆ ಉಜ್ಜುತ್ತದೆ. ನನ್ನ ತಮ್ಮ ಮದುಮಗನನ್ನು ರೋಗಿ ಎಂದು ಹಿಡಿದು, ಮದುಮಗಳನ್ನು ಪ್ರಥಮ ಸಂಪರ್ಕವೆಂದು ಜೊತೆಗೆ ಕೂಡಿಹಾಕಿ, ಬೆಚ್ಚಗಿನ ಹೊಸ ನೀರು, ಒಳ್ಳೆಯ ಊಟ, ಮೊಟ್ಟೆ ಅಂಟಿಸಲು ಜಾಲರಿ ಎಲ್ಲವನ್ನೂ ಒದಗಿಸಿದ್ದ. ಕೊನೆಗೆ, ಸ್ವಂತ ಮೊಟ್ಟೆಯನ್ನೇ ತಿಂದುಹಾಕುವ ಆ ದಂಪತಿಯನ್ನು ಸಕಾಲದಲ್ಲಿ ಎತ್ತಿ ಬೇರೆ ಇಟ್ಟಿದ್ದ. ಬೇಕೆಂದೇ ಮೀನು ಮರಿ ಮಾಡಿಸುವವರು ಇಷ್ಟು ಅಚ್ಚುಕಟ್ಟಾಗಿ ಮಾಡಲಾರರು.

ಅವನಿಗೆ ನಗು ಬರಲಿಲ್ಲ. ಬಚ್ಚಲಿನ ಹೊಸ್ತಿಲ ಮೇಲೆ ಕೂತುಬಿಟ್ಟ.

"ಅಕ್ಕ, ವಾಸಿಯಾಯ್ತು ಅಂದ್ಬಿಡ್ಲಾ?"

"ಚುಕ್ಕೆ ಇನ್ನೂ ಇದೆಯಲ್ಲೋ."

"ವಾಸಿಯಾಗಿಲ್ಲ ಅಂದ್ರೆ ತೊಟ್ಟಿ ಹೋಗುತ್ತೆ. ಕಾಯಿಲೇನೇ ಇರ್ಲಿಲ್ಲ ಅಂದ್ರೆ ನನ್ನನ್ನ ಯಾರು ನಂಬ್ತಾರೆ? ಅತ್ತ ದರಿ, ಇತ್ತ ಪುಲಿ."

"ಇದ್ದಿದ್ದು ಇದ್ದ ಹಾಗೆ ಹೇಳಿ," ಎಂದಳು ನಾದಿನಿ. "ನಿಮಗೆ ಸುಳ್ಳು ಹೇಳೋಕೂ ಬರಲ್ಲ. ಅದಕ್ಕೊಂದು ಬೋರ್ಡು ಹಾಕಿಬಿಡ್ತೀರ."

ಸೋಮವಾರ ನನಗೂ ಒಂದು ದವಡೆ ಹಲ್ಲು ತೋರಿಸುವುದಿತ್ತು, ಜೊತೆಗೇ ಹೋದೆ. ಅವನು ಇಸ್ತ್ರಿ ಅಂಗಿ ತೊಟ್ಟು, ಮುಚ್ಚಿದ ಬಕೆಟ್ಟು ಹಿಡಿದು, ನೇಣಿಗೆ ಹೊರಟವನಂತೆ ನಡೆದ. ಟಿವಿಯವರು ಆಗಲೇ ಬಂದಿದ್ದರು. ಒಬ್ಬ ಏಣಿ ಒರಗಿಸಿ, ತೊಟ್ಟಿಯ ಮೇಲಿನ ಗೋಡೆಗೆ ಪೆನ್ಸಿಲಿನಲ್ಲಿ ಗುರುತು ಮಾಡುತ್ತಿದ್ದ. ಕುರ್ಚಿಗಳೆಲ್ಲ ತುಂಬಿದ್ದವು. ಡಾಕ್ಟರಮ್ಮ ಒಳಗಿನ ಬಾಗಿಲಲ್ಲಿ ನಿಂತಿದ್ದರು.

"ಏನ್ ಸಾರ್, ವಾಸಿಯಾಯ್ತಾ?"

ನನ್ನ ತಮ್ಮ ಬಕೆಟ್ಟು ಕೆಳಗಿಟ್ಟು ನೆಟ್ಟಗೆ ನಿಂತ.

"ಕಾಯಿಲೆ ಇರ್ಲಿಲ್ಲ ಡಾಕ್ಟರಮ್ಮ. ನನ್ನ ಘೋಷಣೆ ತಪ್ಪು. ವಾಪಸ್ ತಗೋತಿದೀನಿ."

"ಮತ್ತೆ ಆ ಚುಕ್ಕೆ?"

"ಅದು..." ಎಂದು ಕೋಣೆಯ ಸುತ್ತ ನೋಡಿದ. "ವಯಸ್ಸಿಗೆ ಬಂದಿದೆ."

"ಯಾರು?"

"ಸಾಹುಕಾರ. ಗುಂಡಣ್ಣ ಹೆಣ್ಣು. ನಮ್ಮ ಬಚ್ಚಲಲ್ಲಿ ಮೊಟ್ಟೆ ಇಟ್ಟಿದೆ. ನಾನು ಅದನ್ನ ರೋಗದ ಎರಡನೇ ಹಂತ ಅಂದ್ಕೊಂಡೆ."

"ಮೂರನೇ ಹಂತ ನಾಮಕರಣ!" ಎಂದಳು ಟೋಕನಮ್ಮ.

ಕೋಣೆ ಘೊಳ್ಳೆಂದಿತು. ಏಣಿಯ ಮೇಲಿದ್ದವನು ಪೆನ್ಸಿಲು ಬೀಳಿಸಿದ. ಆಗಷ್ಟೇ ಇಂಜೆಕ್ಷನ್ ಹಾಕಿಸಿಕೊಂಡು ಅರ್ಧ ಮುಖ ಮರಗಟ್ಟಿದ್ದ ಒಬ್ಬಾತ ನಗಲು ಹೋಗಿ ಅಂಗಿಯ ಮೇಲೆಲ್ಲ ಜೊಲ್ಲು ಸುರಿಸಿಕೊಂಡ. ನನ್ನ ತಮ್ಮ ಅಲುಗಾಡಲಿಲ್ಲ. ಅವನ ಕಿವಿಗಳು ಕೆಂಪಾಗಿದ್ದವು. ಜೀವಮಾನದಲ್ಲಿ ಅವನು ಹಿಂತೆಗೆದುಕೊಂಡ ಮೊದಲ ರೋಗ ಅದು.

ಡಾಕ್ಟರಮ್ಮ ಹತ್ತಿರ ಬಂದು, ಅವನಿಗೆ ಮಾತ್ರ ಕೇಳಲಿ ಎಂಬ ದನಿಯಲ್ಲಿ, "ಬೇಜಾರ್ ಮಾಡ್ಕೋಬೇಡಿ ಸಾರ್. ನಾನೂ ಒಂದ್ಸಲ ಚೆನ್ನಾಗಿರೋ ಹಲ್ಲು ಕಿತ್ತಿದೀನಿ," ಎಂದರು.

ದನಿ ಅವರು ಅಂದುಕೊಂಡಷ್ಟು ಸಣ್ಣದಾಗಿರಲಿಲ್ಲ. ಕೋಣೆಯಲ್ಲಿ ನಗು ಗಪ್ಪನೆ ನಿಂತಿತು. ಮುಂದಿನ ಟೋಕನ್ನಿನವನು ತುಟಿ ಬಿಗಿದುಕೊಂಡ.

ಡಾಕ್ಟರಮ್ಮ ಗಂಟಲು ಸರಿಮಾಡಿಕೊಂಡು ಟಿವಿಯವರ ಕಡೆ ತಿರುಗಿ, "ಏಯ್, ಆ ಎದುರು ಗೋಡೆಗೆ ಹಾಕ್ರಪ್ಪ. ಇಲ್ಲಿ ತೊಟ್ಟಿ ಇರುತ್ತೆ," ಎಂದರು. ಆಮೇಲೆ ನನ್ನ ತಮ್ಮನಿಗೆ, "ಆದ್ರೆ ಒಂದು ಷರತ್ತು. ಇನ್ಮೇಲೆ ಯಾವ ಕಾಯಿಲೆ ಘೋಷಣೆ ಮಾಡೋದಿದ್ರೂ ಮೊದಲು ನಿಮ್ಮ ಮನೆಯವ್ರಿಗೆ ತೋರ್ಸಿ. ಅವರು ಹೂಂ ಅಂದ ಮೇಲೇ ಬೋರ್ಡು."

ಅದು ಅವನಿಗೆ ಹಿಂಬಡ್ತಿ. ನುಂಗಿಕೊಂಡ. ಸಾಹುಕಾರನನ್ನೂ ಗುಂಡಮ್ಮನನ್ನೂ ನಿಧಾನವಾಗಿ ತೊಟ್ಟಿಗೆ ಬಿಟ್ಟು, ಕೈ ಒರೆಸಿಕೊಂಡು, ಕುರ್ಚಿಯಲ್ಲಿ ಕೂತ. ಕೂತ ಮೇಲೆ ಒಂದು ಸಲ ಸದ್ದಾಗುವಂತೆ ಉಸಿರು ಬಿಟ್ಟ.

ನನ್ನ ಪಕ್ಕದಲ್ಲಿದ್ದ ಹೆಂಗಸು ತೊಟ್ಟಿಯ ಕಡೆ ಬೆರಳು ತೋರಿಸಿದಳು. "ಅಲ್ನೋಡಿ ಸಾರ್, ಆ ಸಣ್ಣ ಮೀನು ಮೂಲೇಲಿ ಸುಮ್ನೆ ನಿಂತ್ಬಿಟ್ಟಿದೆ. ಅದಕ್ಕೇನಾಗಿದೆ?"

ಅವನು ಎದ್ದ. ಬಗ್ಗಿ ರೆಕ್ಕೆ ನೋಡಿದ, ಕಿವಿರು ನೋಡಿದ, ಹೊಟ್ಟೆ ನೋಡಿದ. ಕನಿಷ್ಠ ಮೂರು ಕಾಯಿಲೆಗಳ ಹೆಸರು ಅವನ ನಾಲಿಗೆಯ ತುದಿಗೆ ಬಂದು ನಿಂತದ್ದು ನನಗೆ ಕಾಣುತ್ತಿತ್ತು. ಬಾಯಿ ತೆರೆದ, ಮುಚ್ಚಿದ.

"ಏನೂ ಇರ್ಲಿಕ್ಕಿಲ್ಲ," ಎಂದ, ಒಂದೊಂದೇ ಅಕ್ಷರವನ್ನು ಕೀಳಿಸಿಕೊಳ್ಳುವವನಂತೆ. "ನಿದ್ದೆ ಮಾಡ್ತಿರ್ಬಹುದು."

ಅಷ್ಟರಲ್ಲಿ ನನ್ನ ಟೋಕನ್ ಕೂಗಿದರು. ಒಳಗೆ ಹೋಗಿ ಕೂತ ಕೂಡಲೇ ನಾನು ಯಾವ ಹಲ್ಲು ಎಂಬುದನ್ನು ಡಾಕ್ಟರಮ್ಮನಿಗೆ ಎರಡು ಸಲ ತೋರಿಸಿದೆ.